ಜುಟ್ಟು ಯಾರ ಕೈಯಲ್ಲಿ?

ಗಂಡಸಿನ ತಲೆ ಅವನ ಹೆಗಲ ಮೇಲೆಯೇ ಇರುತ್ತದೆ ಎಂಬುದೇನೋ ನಿಜ. ಆದರೆ ಆ ತಲೆಯ ಮೇಲಿನ ಬೆಳೆಯ ಪಹಣಿ ಮಾತ್ರ ಯಾವತ್ತೂ ಬೇರೆ ಯಾರದೋ ಹೆಸರಿನಲ್ಲಿರುತ್ತದೆ. ಎಳವೆಯಲ್ಲಿ ಅಪ್ಪನ ಹೆಸರು, ಆಮೇಲೆ ಹೆಡ್‌ಮೇಷ್ಟ್ರದು, ಹರೆಯದಲ್ಲಿ ಸಿನಿಮಾ ನಾಯಕನದು, ನೌಕರಿ ಸಿಕ್ಕ ಮೇಲೆ ಮ್ಯಾನೇಜರರದು, ಮದುವೆಯಾದ ಮೇಲೆ ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೂ ಜನರ ಕೈ ದಾಟಿ ಕಡೆಗೊಮ್ಮೆ ಖಾತೆ ನಮ್ಮ ಹೆಸರಿಗೆ ಬದಲಾಗುವಷ್ಟರಲ್ಲಿ ಅಲ್ಲಿ ಬೆಳೆಯೇ ಇರುವುದಿಲ್ಲ, ಬರೀ ಬಯಲು. ಗಂಡಸರ ಕ್ರಾಪಿನ ಚರಿತ್ರೆ ಬರೆಯಲು ಹೊರಟವರು ಕತ್ತರಿ ಬಾಚಣಿಗೆಗಳ ವಿಷಯಕ್ಕೆ ಹೋಗುವ ಮೊದಲು, ಯಾವ ಕಾಲದಲ್ಲಿ ಜುಟ್ಟು ಯಾರ ಕೈಯಲ್ಲಿತ್ತು ಎಂದು ವಿಚಾರಿಸುವುದು ಒಳ್ಳೆಯದು.

ನಮ್ಮ ತಾತನ ಕಾಲದಲ್ಲಿ ಹಿಡಿಯಲು ನಿಜವಾದ ಜುಟ್ಟೇ ಇತ್ತು. ಮುಂದಲೆ ಬೋಳಿಸಿ, ಹಿಂದೆ ಬಿಟ್ಟ ಕೂದಲನ್ನು ಗಂಟು ಹಾಕಿ, ಹೊರಗೆ ಹೊರಟರೆ ಮೇಲೊಂದು ರುಮಾಲು. ಊರ ಕ್ಷೌರಿಕರು ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಒಬ್ಬರು. ಸಲಸಲಕ್ಕೂ ಕಾಸು ಎಣಿಸುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಗಿ ಅಳೆಸಿಕೊಂಡು ಹೋದರೆ ವರ್ಷವಿಡೀ ಮನೆಯ ಗಂಡಸರ ತಲೆ, ಗಡ್ಡ ಎರಡೂ ಅವರ ಜವಾಬ್ದಾರಿ. ಹಡಪ ಕಂಕುಳಲ್ಲಿ ಇಟ್ಟುಕೊಂಡು ಬಂದು, ಹಿತ್ತಲ ಹುಣಸೆಮರದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎದುರಿಗಿದ್ದವರ ತಲೆಯನ್ನು ತಮ್ಮೆರಡು ಮಂಡಿಗಳ ನಡುವೆ ಒತ್ತಿ ಹಿಡಿದು ಕತ್ತಿ ಆಡಿಸುತ್ತಿದ್ದರಂತೆ. ಬೋಳುತಲೆಗೂ ಮೊಳಕಾಲಿಗೂ ಗಂಟು ಹಾಕಬೇಡಿ ಎನ್ನುವವರು ಆ ದೃಶ್ಯ ನೋಡಿರಲಾರರು. ಕನ್ನಡಿ ಎಂದರೆ ಅಂಗೈಯಗಲದ್ದು, ಅದೂ ಕೆಲಸ ಮುಗಿದ ಮೇಲೆ ಕೈಗೆ ಬರುತ್ತಿದ್ದುದು. ಆಗಿಹೋದದ್ದನ್ನು ಮೊದಲೇ ನೋಡಿ ಮಾಡುವುದೇನು ಎಂಬುದು ಅಂದಿನ ಧೋರಣೆ.

ಅಪ್ಪ ಮೇಷ್ಟರ ಟ್ರೈನಿಂಗಿಗೆಂದು ತುಮಕೂರಿಗೆ ಹೋದವರು ಜುಟ್ಟನ್ನು ಅಲ್ಲೇ ಬಿಟ್ಟು, ಕ್ರಾಪು ತಲೆಯಲ್ಲಿ ಊರಿಗೆ ಬಂದರು. ತಾತ ಮಗನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದರಿಂದ ಹಿಡಿದು ದನ ಕಟ್ಟುವವರೆಗೆ ಎಲ್ಲ ವ್ಯವಹಾರವೂ ಅಜ್ಜಿಯ ಮೂಲಕವೇ ನಡೆಯಿತಂತೆ. ಹೆಣ್ಣು ನೋಡಲು ಹೋದಾಗ, ಜುಟ್ಟಿನ ಹುಡುಗನಾಗಿದ್ದರೆ ಒಪ್ಪುತ್ತಿರಲಿಲ್ಲ ಎಂದು ನಮ್ಮಮ್ಮ ಒಳಗಿನಿಂದ ಹೇಳಿ ಕಳಿಸಿದ ಮೇಲಷ್ಟೇ ತಾತನಿಗೆ ಕ್ರಾಪಿನ ಉಪಯೋಗ ಅರ್ಥವಾದದ್ದು. ಇಂಥ ಕ್ರಾಂತಿಕಾರಿಯ ಮಗನಾಗಿ ಹುಟ್ಟಿದ ನನಗೆ ತಲೆಯ ಮಟ್ಟಿಗಾದರೂ ಸ್ವಾತಂತ್ರ್ಯ ಇರಬೇಕಿತ್ತು. ಆದರೆ ಕ್ರಾಂತಿ ಮಾಡಿದವರು ಕುರ್ಚಿಗೆ ಬಂದ ಮೇಲೆ ಏನು ಮಾಡುತ್ತಾರೆಂಬುದು ಲೋಕಕ್ಕೇ ಗೊತ್ತಿದೆ.

ತಿಪಟೂರಿನ ನಮ್ಮ ಬೀದಿಯ ಕೊನೆಯಲ್ಲಿ ಹೇರ್ ಕಟಿಂಗ್ ಸಲೂನ್ ಇತ್ತು. ಎದುರುಬದುರು ಎರಡು ಕನ್ನಡಿ, ಒಂದು ಮರದ ಕುರ್ಚಿ, ಕಾದು ಕೂರುವವರಿಗೆ ಬೆಂಚು, ಬೆಂಚಿನ ಮೇಲೆ ಮುಖಪುಟ ಹರಿದುಹೋದ 'ವಿಜಯಚಿತ್ರ', ಗೋಡೆಯ ಮೇಲೆ ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರು. ಹುಡುಗರು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆ ಇಟ್ಟು ಕೂರಿಸುತ್ತಿದ್ದರು. ಹಲಗೆ ಬಿಟ್ಟು ಕುರ್ಚಿಯ ಮೇಲೇ ಕೂರುವ ದಿನ ಬಂದರೆ ಗಂಡಸಾದ ಹಾಗೆ ಎಂದು ನಾವು ನಂಬಿದ್ದೆವು. ಅಂಗಡಿಯಣ್ಣ ಬಿಳಿಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಬಿಗಿದು, ಕನ್ನಡಿಯೊಳಗಿನಿಂದಲೇ ಅಪ್ಪನನ್ನು ಕೇಳುತ್ತಿದ್ದರು:

"ಮೇಷ್ಟ್ರೇ, ಮೀಡಿಯಮ್ಮಾ?"

"ಮೀಡಿಯಮ್ಮೂ ಬೇಡ, ಗೀಡಿಯಮ್ಮೂ ಬೇಡ. ಇನ್ನು ಎರಡು ತಿಂಗಳು ಇವನು ಈ ಕಡೆ ತಲೆ ಹಾಕಬಾರದು, ಹಂಗೆ ಹೊಡಿಯಪ್ಪ."

ನನ್ನ ತಲೆಯ ಬಗ್ಗೆ ನಡೆಯುತ್ತಿದ್ದ ಈ ಮಾತುಕತೆಯಲ್ಲಿ ನಾನಿರಲಿಲ್ಲ. ಮರುಕ್ಷಣವೇ ಕತ್ತಿನ ಹಿಂದೆ ಕೈಮಿಷನ್ನಿನ ತಣ್ಣನೆಯ ಕಬ್ಬಿಣ. ಅದರ ಬಾಯಿಗೆ ಹಲ್ಲುಹಲ್ಲಾದ ಎರಡು ತಗಡು. ಕೆಳಗಿನದು ಅಲ್ಲಾಡುವುದಿಲ್ಲ, ಹಿಡಿಯನ್ನು ಒತ್ತಿ ಬಿಟ್ಟಂತೆಲ್ಲ ಮೇಲಿನದು ಎಡಕ್ಕೂ ಬಲಕ್ಕೂ ಓಡಾಡಿ ನಡುವೆ ಸಿಕ್ಕ ಕೂದಲನ್ನು ಕತ್ತರಿಸುತ್ತದೆ. ಬೆರಳಿನ ಒತ್ತಿಗೂ ಕೈ ಮೇಲೇರುವ ವೇಗಕ್ಕೂ ತಾಳ ತಪ್ಪಬಾರದು. ಒತ್ತುವುದು ಪೂರಾ ಮುಗಿಯುವ ಮೊದಲೇ ಕೈ ಮೇಲಕ್ಕೆ ಹೋಯಿತೋ, ಅರ್ಧ ಕತ್ತರಿಸಿದ ಕೂದಲು ಹಲ್ಲಿನಲ್ಲಿ ಉಳಿದು ಬೇರುಸಮೇತ ಕೀಳುತ್ತದೆ. ಸಾಯಂಕಾಲದ ಹೊತ್ತಿಗೆ ಅಂಗಡಿಯಣ್ಣನ ಬೆರಳು ಸೋತಿರುತ್ತಿದ್ದುದರಿಂದ ಬೆಳಗ್ಗೆಯೇ ಹೋಗುವುದು ಜಾಣತನವಾಗಿತ್ತು. ಆದರೆ ಬೆಳಗ್ಗೆ ದೊಡ್ಡವರ ಸರದಿ.

ಮಿಷನ್ನಿನ ಕೆಲಸ ಕಿವಿಯ ಮಟ್ಟಕ್ಕೆ ನಿಂತರೆ ಅಲ್ಲಿಂದ ಮೇಲೆ ಕತ್ತರಿಯ ರಾಜ್ಯ. ಬಾಚಣಿಗೆಯ ಬುಡವನ್ನು ಚರ್ಮಕ್ಕೆ ತಾಗಿಸಿ, ತುದಿಯನ್ನು ಸ್ವಲ್ಪ ಹೊರಕ್ಕೆ ವಾಲಿಸಿ, ಹಲ್ಲಿನ ಆಚೆ ಬಂದ ಕೂದಲನ್ನಷ್ಟೇ ಕತ್ತರಿಸುತ್ತ ಮೇಲೇರಬೇಕು. ಬಾಚಣಿಗೆ ಎಷ್ಟು ವಾಲಿತು ಎಂಬುದರಲ್ಲೇ ಶಾರ್ಟು, ಮೀಡಿಯಮ್ಮು ಎಲ್ಲ ಅಡಗಿವೆ. ನನಗೆ ಬಹಳ ಕಾಲ ಅರ್ಥವಾಗದೆ ಇದ್ದದ್ದು ಕೂದಲಿಲ್ಲದ ಕಡೆಯೂ ಕತ್ತರಿ ಆಡುತ್ತಿದ್ದುದು. ಎರಡು ಸಲ ತಲೆಯ ಮೇಲೆ ಕಚಕ್, ಮೂರು ಸಲ ಗಾಳಿಯಲ್ಲಿ ಕಚಕ್ ಕಚಕ್ ಕಚಕ್. ಅಂಗಡಿಯಣ್ಣ ಮದುವೆ ತಿಂಗಳುಗಳಲ್ಲಿ ಅಂಗಡಿಗೆ ಬೀಗ ಹಾಕಿ ಡೋಲು ಹೆಗಲಿಗೇರಿಸಿಕೊಂಡು ವಾಲಗದವರ ಜೊತೆ ಹೊರಡುತ್ತಾರೆಂದು ಗೊತ್ತಾದ ಮೇಲೆ ಗುಟ್ಟು ಬಯಲಾಯಿತು. ಮಂಗಳವಾದ್ಯ ಆ ಸಮುದಾಯದ ಇನ್ನೊಂದು ಕುಲವಿದ್ಯೆ. ಬಲಗೈ ಮುಂದಿನ ಏಟಿಗೆ ಕಾಯುವಾಗಲೂ ಲಯ ಬಿಡಬಾರದು. ಊರಿನ ಅರ್ಧ ಗಂಡಸರ ತಲೆ ಹೀಗೆ ಆದಿತಾಳದಲ್ಲಿ ತಯಾರಾಗುತ್ತಿತ್ತು.

ಗಡ್ಡಕ್ಕೆ ಕೂತವರನ್ನು ನೋಡುವುದು ಬೇರೆಯೇ ಮಜ. ಕುರ್ಚಿಗೆ ನೇತುಹಾಕಿದ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ತೀಡಿ, ತಮ್ಮದೇ ಮುಂಗೈಯ ರೋಮದ ಮೇಲೆ ಪರೀಕ್ಷಿಸಿ, ಒಂದೊಂದು ಎಳೆತಕ್ಕೂ ನೊರೆಯನ್ನು ಹಳೇ ಪೇಪರ್ ಚೂರಿಗೆ ಒರೆಸುತ್ತಿದ್ದರು. ಕೊನೆಗೆ ಪಟಿಕದ ಕಲ್ಲನ್ನು ನೀರಿಗದ್ದಿ ಗಲ್ಲಕ್ಕೆ ಉಜ್ಜಿದಾಗ ಎಂಥ ಗಟ್ಟಿಗರ ಮುಖವೂ ಒಮ್ಮೆ ಹಿಂಡಿಕೊಳ್ಳುತ್ತಿತ್ತು. ಅದೇ ಕತ್ತಿ, ಅದೇ ಪಟಿಕ ಎಲ್ಲರ ಗಲ್ಲಕ್ಕೂ. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಪತ್ತೆಯಾಗಿ, ಅದರ ಭಯ ನಮ್ಮ ಊರಿನವರೆಗೂ ನಡೆದು ಬಂದ ಮೇಲೆ ಆ ಕಾಲ ಮುಗಿಯಿತು. ಕಾಗದದ ಸಮೇತ ಬ್ಲೇಡನ್ನು ಲಟಕ್ಕನೆ ಎರಡು ಮಾಡಿ, ಅರ್ಧವನ್ನು ಸಿಕ್ಕಿಸುವ ಹೊಸ ಕತ್ತಿ ಬಂತು. "ಹೊಸ ಬ್ಲೇಡು ಸಾರ್" ಎಂದು ಕಣ್ಣಿಗೆ ಹಿಡಿದು ತೋರಿಸುವ ಪದ್ಧತಿಯೂ ಜೊತೆಗೇ ಬಂತು. ಚರ್ಮದ ಪಟ್ಟಿ ಕೆಲವು ಕಾಲ ಸುಮ್ಮನೆ ನೇತಾಡಿ ಒಂದು ದಿನ ಕಾಣೆಯಾಯಿತು.

ಯಾವ ದಿನ ಹೋಗಬೇಕೆಂಬುದೂ ನಮ್ಮ ಕೈಯಲ್ಲಿರಲಿಲ್ಲ. ಮಂಗಳವಾರ ಅಂಗಡಿಗೇ ರಜೆ. ಶುಕ್ರವಾರ ಲಕ್ಷ್ಮಿಯ ವಾರ, ಶನಿವಾರ ಶನಿಯ ವಾರ, ಅಮಾವಾಸ್ಯೆ ಸಲ್ಲದು, ಹುಟ್ಟಿದ ನಕ್ಷತ್ರ ಸಲ್ಲದು, ದೀಪ ಹಚ್ಚಿದ ಮೇಲಂತೂ ಆ ಮಾತೇ ಇಲ್ಲ. ಎಲ್ಲ ಕಳೆದು ಉಳಿದ ಭಾನುವಾರ ಬೆಳಗ್ಗೆ ಇಡೀ ಊರು ಬೆಂಚಿನ ಮೇಲಿರುತ್ತಿತ್ತು. ಮುಗಿಸಿಕೊಂಡು ಬಂದರೆ ಮುಂಬಾಗಿಲು ನಿಷಿದ್ಧ. ಹಿತ್ತಲಿಂದ ಬಂದು, ಏನನ್ನೂ ಮುಟ್ಟದೆ, ಅಮ್ಮ ಹಂಡೆಯಿಂದ ನೀರು ಮೊಗೆದು ಸುರಿಯುವವರೆಗೆ ಕಲ್ಲಿನ ಮೇಲೆ ನಿಂತಿರಬೇಕು. ಯಾರ ಕೈ ತಲೆ ಮುಟ್ಟಿತೋ ಅವರಿಗೆ ಹಬ್ಬದ ಎಲೆಯಲ್ಲಿ ಊಟ, ವಾಲಗಕ್ಕೆ ಮೊದಲ ತಾಂಬೂಲ. ಆದರೂ ಅವರು ಮುಟ್ಟಿದ ತಲೆ ಮಾತ್ರ ಮನೆಯೊಳಗೆ ಬರುವಂತಿಲ್ಲ. ಅವರ ಕುಲದ ಹೆಸರನ್ನೇ ಬೈಗುಳ ಮಾಡಿಕೊಂಡ ಬಾಯಿಗಳೂ ಆ ಬೆಂಚಿನ ಮೇಲೇ ಕೂತು ಬೀಡಿ ಸೇದುತ್ತಿದ್ದವು.

ಆ ಬೆಂಚಿಗೂ ಎಲ್ಲರೂ ಬರುವಂತಿರಲಿಲ್ಲ. ಸುತ್ತಲ ಹಳ್ಳಿಯಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬನ ತಲೆಯಲ್ಲಿ ಯಾವಾಗಲೂ ಏರುಪೇರು, ಮೆಟ್ಟಿಲು ಮೆಟ್ಟಿಲು. ನಾವು ಅದಕ್ಕೆ ಹೆಸರಿಟ್ಟು ನಗುತ್ತಿದ್ದೆವು. ಅವರೂರಿನಲ್ಲಿ ಅವರ ಕೇರಿಯವರಿಗೆ ಯಾರೂ ಕ್ಷೌರ ಮಾಡುತ್ತಿರಲಿಲ್ಲ, ಅವನಪ್ಪನೇ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಲ್ಲಿ ಮಾಡುತ್ತಿದ್ದರು ಎಂದು ಅವನೇ ಒಂದು ದಿನ ಹೇಳಿದ. ಇಂಥ ಸುದ್ದಿ ಇವತ್ತೂ ಯಾವುದಾದರೂ ಹಳ್ಳಿಯಿಂದ ಪತ್ರಿಕೆಯ ಒಳಪುಟಕ್ಕೆ ಬರುತ್ತಲೇ ಇರುತ್ತದೆ. ಎರಡು ತಿಂಗಳು ತಲೆ ಹಾಕಬೇಡ ಎಂದು ಹೇಳುವ ಅಪ್ಪನಿರುವುದು ಕಷ್ಟವೆಂದು ನಾನು ಕೊರಗುತ್ತಿದ್ದಾಗ, ತಲೆ ಹಾಕಲೇ ಕೂಡದು ಎಂಬ ಊರಿನಿಂದ ಅವನು ನಡೆದು ಬರುತ್ತಿದ್ದ.

1972ರ ಕೊನೆಯಲ್ಲಿ 'ನಾಗರಹಾವು' ಬಂತು. ಅದುವರೆಗೆ ಅಪ್ಪನಿಗೂ ನನಗೂ ಒಬ್ಬರೇ ಹೀರೊ. ರಾಜಕುಮಾರರ ಒಪ್ಪವಾಗಿ ಬಾಚಿದ ಕ್ರಾಪಿನ ಬಗ್ಗೆ ಮೇಷ್ಟರಿಗೂ ತಕರಾರಿರಲಿಲ್ಲ. 'ನಾಗರಹಾವು' ಚಿತ್ರದ ನಾಯಕ ರಾಮಾಚಾರಿ ಬಂದವನೇ ಮೇಷ್ಟರಿಗೂ ಹುಡುಗರಿಗೂ ನಡುವೆ ಗೆರೆ ಎಳೆದ. 1975ರ 'ಶೋಲೆ' ತಿಪಟೂರಿಗೆ ತಲುಪುವ ಹೊತ್ತಿಗೆ ಅಮಿತಾಭರ ಕಿವಿ ಕೂದಲೊಳಗೆ ಮುಳುಗಿಹೋಗಿತ್ತು. ಬೆಲ್‌ಬಾಟಂ ಪ್ಯಾಂಟು, ಉದ್ದನೆಯ ಸೈಡ್‌ಲಾಕು, ಕಿವಿ ಮುಚ್ಚಿದ ಕೂದಲು ಈ ಮೂರಿದ್ದವನೇ ಮನುಷ್ಯ. ನನಗೋ ಅದೇ ಸಮಯಕ್ಕೆ ಟೈಫಾಯ್ಡ್ ಬಂತು. ಜ್ವರ ಇಳಿದ ಮೇಲೆ ಹಿಡಿಹಿಡಿ ಕೂದಲು ದಿಂಬಿನ ಮೇಲೆ. ಅಮ್ಮ ಜ್ವರದ ತುದಿಯಲ್ಲೇ ತಿರುಪತಿ ತಿಮ್ಮಪ್ಪನಿಗೆ ನನ್ನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ತಲೆ ನನ್ನದು, ಹರಕೆ ಅವಳದು. ನನ್ನನ್ನು ಯಾರೂ ಕೇಳಿರಲಿಲ್ಲ.

ಉದುರಿದ ಕೂದಲು ಮರಳಿ ಬಂತು, ಮೊದಲಿಗಿಂತ ದಟ್ಟವಾಗಿಯೇ ಬಂತು. ಕಿವಿಯ ಮೇಲೆ ಅದು ಇಳಿಯತೊಡಗಿದ ಆ ಸೌಭಾಗ್ಯವನ್ನು ಬೆಟ್ಟ ಹತ್ತಿಸಿ ಬೋಳಿಸಿಕೊಂಡು ಬರಲು ಯಾವ ಹುಡುಗ ಒಪ್ಪಿಯಾನು? ಪಿಯುಸಿ ಮುಗಿಯಲಿ ಅಂದೆ. ಡಿಗ್ರಿ ಮುಗಿಯಲಿ ಅಂದೆ. ಕೆಲಸ ಸಿಗಲಿ, ಬೋಳುತಲೆಯಲ್ಲಿ ಇಂಟರ್‌ವ್ಯೂಗೆ ಹೋದರೆ ಮನೆಯಲ್ಲಿ ಯಾರು ತೀರಿಕೊಂಡರು ಎಂದು ಕೇಳುತ್ತಾರೆ ಅಂದೆ. ಕೊನೆಯ ಕಾರಣ ಅಮ್ಮನಿಗೂ ಒಪ್ಪಿಗೆಯಾಯಿತು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮೊದಲ ಮ್ಯಾನೇಜರು ನನ್ನ ಸೈಡ್‌ಲಾಕನ್ನು ಕನ್ನಡಕದ ಮೇಲಿಂದ ನೋಡಿ, "ಗಿರಾಕಿಗಳು ದುಡ್ಡು ಇಡೋಕೆ ಬರ್ತಾರಪ್ಪ, ಫಿಲಂ ನೋಡೋಕಲ್ಲ" ಎಂದರು. ಸೋಮವಾರ ಹೋದಾಗ ಕಿವಿ ಕಾಣುತ್ತಿತ್ತು. ಅಮ್ಮ ಮತ್ತೆ ಹರಕೆ ನೆನಪಿಸಿದಾಗ ಮದುವೆಯ ಫೋಟೊ ಮುಗಿಯಲಿ ಅಂದೆ.

ಪಹಣಿ ವಂಶಪಾರಂಪರ್ಯವಾಗಿ ಬರುತ್ತದೆಂದು ನಂಬಿ ನಾನೂ ಅಪ್ಪನಾದೆ. 2003ರಲ್ಲಿ 'ತೇರೆ ನಾಮ್' ಬಂದಾಗ ಮಗ ಹೈಸ್ಕೂಲಿನಲ್ಲಿದ್ದ. ನಡುಬೈತಲೆ ತೆಗೆದು ಎರಡೂ ಕಡೆ ಕೂದಲನ್ನು ಕಣ್ಣಿನ ಮೇಲೆ ಇಳಿಬಿಟ್ಟ ಸಲ್ಮಾನ್ ಖಾನ್ ಇಡೀ ದೇಶದ ಹುಡುಗರ ದೃಷ್ಟಿಗೆ ಪರದೆ ಹಾಕಿಬಿಟ್ಟಿದ್ದರು. ಅದು ಇಳಿಯುವಷ್ಟರಲ್ಲಿ ಧೋನಿ. 2006ರಲ್ಲಿ ಲಾಹೋರಿನ ಪಂದ್ಯ ಮುಗಿದ ಮೇಲೆ ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಮೈಕಿನ ಮುಂದೆಯೇ ಧೋನಿಗೆ ಕೂದಲು ಕತ್ತರಿಸಬೇಡಿ ಎಂದುಬಿಟ್ಟರು. ನಾನು ಕತ್ತರಿಸು ಎನ್ನುತ್ತಿದ್ದೆ. ಒಂದು ದೇಶದ ಅಧ್ಯಕ್ಷರ ಸಲಹೆಯ ಎದುರು ಸಬ್‌ ಮ್ಯಾನೇಜರನ ಮಾತು ನಡೆಯುವುದುಂಟೆ? ಅದೇ ಧೋನಿ 2011ರಲ್ಲಿ ವಿಶ್ವಕಪ್ ಗೆದ್ದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನುಣ್ಣಗೆ ಬೋಳಿಸಿಕೊಂಡು ಕಾಣಿಸಿಕೊಂಡರು. ಅಮ್ಮ ಟೀವಿಯ ಮುಂದೆ ಕೈಮುಗಿದು, "ನೋಡು, ಹೊತ್ತ ಹರಕೆ ಹೇಗೆ ತೀರಿಸಿದಾನೆ ಹುಡುಗ" ಎಂದು ನನ್ನ ಕಡೆ ತಿರುಗಿದಳು. ನಾನು ಚಾನಲ್ ಬದಲಾಯಿಸಿದೆ.

ಈಗ ಮೊಮ್ಮಗನ ಕಾಲ, ಫೇಡಿನ ಕಾಲ. ಅವನ ಜೊತೆ ಬೆಂಗಳೂರಿನ ಏಸಿ ಸಲೂನಿಗೆ ಹೋಗಿ ಪಕ್ಕದ ಸೋಫಾದಲ್ಲಿ ಕೂರುವುದು ನಿವೃತ್ತನಾದ ನನಗೆ ಒಪ್ಪಿಸಿರುವ ಕೆಲಸಗಳಲ್ಲೊಂದು. ಬಿಹಾರದಿಂದ ಬಂದ ಯುವಕ, ಕಿವಿಯಲ್ಲಿ ರಿಂಗು, ಸೊಂಟದ ಚೀಲದಲ್ಲಿ ನಾಲ್ಕಾರು ಕತ್ತರಿ. ಮೊಮ್ಮಗ ಫೋನಿನಲ್ಲಿ ಫುಟ್‌ಬಾಲ್ ಆಟಗಾರನೊಬ್ಬನ ಪಟ ತೋರಿಸುತ್ತಾನೆ. ಕೆಲಸವೇನೋ ನಾಜೂಕಿನದೇ. ಕರೆಂಟ್ ಮಿಷನ್ನಿಗೆ ಪ್ಲಾಸ್ಟಿಕ್ಕಿನ ಗಾರ್ಡುಗಳಿವೆ. ಒಂದನೇ ನಂಬರಿಗೆ 3 ಮಿಲಿಮೀಟರ್, ಎರಡಕ್ಕೆ 6, ಮೂರಕ್ಕೆ 10, ನಾಲ್ಕಕ್ಕೆ 13. ಕತ್ತಿನ ಬಳಿ ಸೊನ್ನೆಯಿಂದ ಶುರುಮಾಡಿ, ಮಿಷನ್ನಿನ ಪಕ್ಕದ ಸಣ್ಣ ಹಿಡಿಯನ್ನು ಹೆಬ್ಬೆರಳಿನಲ್ಲಿ ಕೂದಲೆಳೆಯಷ್ಟೇ ಸರಿಸುತ್ತ, ಒಂದು ನಂಬರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಗೆರೆ ಕಾಣದ ಹಾಗೆ ಬೆರೆಸಬೇಕು. ಗೆರೆ ಕಂಡರೆ ಕೆಲಸ ಕೆಟ್ಟಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಸುತ್ತಲೂ ಬೋಳು, ನೆತ್ತಿಯ ಮೇಲೊಂದು ಗುಪ್ಪೆ. ನಮ್ಮಪ್ಪ ಎಂಟಾಣೆ ಕೊಟ್ಟು, ಬೈದು, ಅಳಿಸಿ ಮಾಡಿಸುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ. ಇದಕ್ಕೆ ನಾನ್ನೂರು ರೂಪಾಯಿ ಕೊಟ್ಟು, ಹುಡುಗ ನಗುತ್ತ ಸೆಲ್ಫಿ ತೆಗೆದುಕೊಂಡ.

ಶಾಲೆಗಳಿಗೆ ಮಾತ್ರ ಇದು ಹಿಡಿಸಿಲ್ಲ. ಸುದೀಪರ 'ಹೆಬ್ಬುಲಿ' 2017ರಲ್ಲಿ ಬಂದದ್ದು. ಅದರ ಕಟಿಂಗು ಎಷ್ಟು ಕಾಲ ಬೇರುಬಿಟ್ಟಿತೆಂದರೆ, 2023ರಲ್ಲೂ ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ದಯವಿಟ್ಟು ನಮ್ಮ ಹುಡುಗರಿಗೆ ಹೆಬ್ಬುಲಿ ಕಟ್ ಮಾಡಬೇಡಿ ಎಂದು ಊರಿನ ಕ್ಷೌರಿಕರಿಗೆ ಪತ್ರ ಬರೆಯಬೇಕಾಯಿತು. ಹಿಂದೆ ಹೆಡ್‌ಮೇಷ್ಟರು ಹುಡುಗನ ಕಿವಿ ಹಿಂಡುತ್ತಿದ್ದರು, ಇಲ್ಲವೇ ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಈಗ ನೇರವಾಗಿ ಅಂಗಡಿಗೇ ಅರ್ಜಿ. ಅಧಿಕಾರ ಯಾರ ಕೈಗೆ ಹೋಗಿದೆ ಎಂಬುದಕ್ಕೆ ಇದಕ್ಕಿಂತ ದಾಖಲೆ ಬೇಡ. ಹೋಗಿದ್ದರೆ ಒಳ್ಳೆಯದೇ. ಬೆಂಗಳೂರಿನಲ್ಲಿ ಕ್ಷೌರದಂಗಡಿಯ ಜೊತೆಗೆ ಬಾಡಿಗೆ ಕಾರುಗಳನ್ನು ಓಡಿಸಿ, ಕಡೆಗೆ ರೋಲ್ಸ್ ರಾಯ್ಸ್ ಕೊಂಡ ಮೇಲೂ ಕತ್ತರಿ ಕೆಳಗಿಡದ ರಮೇಶ್ ಬಾಬು ಅವರ ಸುದ್ದಿ ಓದಿದಾಗಲೆಲ್ಲ ನನಗೆ ತಾತನ ಕಣದಲ್ಲಿ ರಾಗಿಗಾಗಿ ನಿಂತವರು ನೆನಪಾಗುತ್ತಾರೆ.

2017ರ ಫೆಬ್ರವರಿಯಲ್ಲಿ ಹುಡುಗರಿಗೆ 'ಹೆಬ್ಬುಲಿ' ಸಿಕ್ಕಿದರೆ, ಅದೇ ಜುಲೈನಲ್ಲಿ ನಮ್ಮಂಥವರಿಗೆ 'ಒಂದು ಮೊಟ್ಟೆಯ ಕಥೆ' ಸಿಕ್ಕಿತು. ಬೋಳುತಲೆಯ ಕನ್ನಡ ಮೇಷ್ಟರು ನಾಯಕ! ಅಷ್ಟು ಹೊತ್ತಿಗೆ ನಾನೂ ಆ ಪಕ್ಷದ ಸದಸ್ಯ. ಚರ್ಮದ ಡಾಕ್ಟರು ಮಿನಾಕ್ಸಿಡಿಲ್ ಬರೆದುಕೊಟ್ಟರು. ಮೂಲತಃ ಅದು ರಕ್ತದೊತ್ತಡದ ಮಾತ್ರೆ, ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ತಲೆಗೆ ಹಚ್ಚುವ ಔಷಧವಾಯಿತು ಎಂದು ವಿವರಿಸಿದರು. ನನ್ನ ವಿಷಯದಲ್ಲಿ ರಕ್ತದೊತ್ತಡ ಬಂತು, ಕೂದಲು ಬರಲಿಲ್ಲ. ಆಮೇಲೆ ಸಮಾಧಾನ ಕೊಟ್ಟವರು ರಜನೀಕಾಂತ್. ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟು ಹರಿದವರು, ಮುಂಗೂದಲನ್ನು ಕೈಯಿಂದ ಕೆದರುವುದನ್ನೇ ಒಂದು ಕಲೆ ಮಾಡಿದವರು, ತೆರೆಯಾಚೆ ಇದ್ದ ತಲೆಯಲ್ಲೇ ನೆಮ್ಮದಿಯಾಗಿ ಓಡಾಡುತ್ತಾರೆ. ಅವರಿಗಿಲ್ಲದ ಸಂಕೋಚ ನನಗೇಕೆ?

2020ರ ಮಾರ್ಚಿನಲ್ಲಿ ಎಲ್ಲ ಅಂಗಡಿಗೂ ಬೀಗ ಬಿದ್ದಾಗ ಇಡೀ ರಾಜ್ಯದ ಗಂಡಸರು ಒಂದೇ ತಿಂಗಳಲ್ಲಿ 1975ಕ್ಕೆ ವಾಪಸಾದರು. ಅಂಗಡಿಯವರ ಪಾಡು ನಗುವಂಥದ್ದಾಗಿರಲಿಲ್ಲ. ಆ ಮೇ ತಿಂಗಳಲ್ಲಿ ಸರ್ಕಾರ 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ನಮ್ಮ ಮನೆಯಲ್ಲಿ ಹೆಂಡತಿ ಹೊಲಿಗೆಯ ಕತ್ತರಿ ತೆಗೆದಳು. ತಲೆಯ ಸುತ್ತ ಉಳಿದಿದ್ದ ಅಂಚನ್ನು ರವಿಕೆಯ ತೋಳಿಗೆ ಅಳತೆ ಹಿಡಿಯುವಷ್ಟೇ ಗಂಭೀರವಾಗಿ ನೋಡಿ ಕತ್ತರಿಸಿದಳು. ಅಂಗಡಿ ತೆರೆದ ಮೇಲೆ ಹೋದಾಗ ಅಲ್ಲಿಯಾತ ನನ್ನ ಕತ್ತಿನ ಹಿಂದೆ ಬೆರಳಾಡಿಸಿ, "ಯಾರ್ ಮಾಡಿದ್ದು ಸಾರ್? ಬ್ಯಾಕ್ ಲೈನು ಒಂಚೂರು ಏರಿದೆ. ಆದ್ರೂ ಕೈ ನಿಂತಿದೆ" ಎಂದ. ಮನೆಗೆ ಬಂದು ಹೇಳಿದೆ. ಬ್ಯಾಂಕಿನಲ್ಲಿ ನನಗೆ ಬಂದ ಯಾವ ಪ್ರಮೋಷನ್ನಿಗೂ ಅವಳು ಅಷ್ಟು ಖುಷಿಪಟ್ಟಿರಲಿಲ್ಲ.

ಅಮ್ಮ ಹೋಗುವ ಮುಂಚೆ ಹರಕೆಯನ್ನು ಸೊಸೆಯ ಹೆಸರಿಗೆ ವರ್ಗಾಯಿಸಿ ಹೋಗಿದ್ದಾಳೆ. ಈ ವರ್ಷ ಸಬೂಬು ನಡೆಯಲಿಲ್ಲ, ತಿರುಪತಿಗೆ ಟಿಕೆಟ್ ಆಗಿದೆ. ಅಲ್ಲಿನ ಕಲ್ಯಾಣಕಟ್ಟೆಯಲ್ಲಿ ಹಗಲು ರಾತ್ರಿ ಎಂಬುದಿಲ್ಲ, ಕಾಸು ಕೊಡುವಂತಿಲ್ಲ, ಟೋಕನ್ ಜೊತೆ ಬ್ಲೇಡನ್ನೂ ಅವರೇ ಕೊಡುತ್ತಾರೆ. ಮಂತ್ರಿಗೂ ಕೂಲಿಗೂ ಇರುವುದು ಒಂದೇ ಸ್ಟೈಲು. ನನ್ನಂಥ ಸುಸ್ತಿದಾರನನ್ನು ತಿಮ್ಮಪ್ಪ ಹೇಗೆ ನೋಡುತ್ತಾನೋ ಎಂಬ ಅಳುಕು ಇತ್ತು. ಆದರೆ ತನ್ನ ಮದುವೆಗೆ ಕುಬೇರನ ಹತ್ತಿರ ಮಾಡಿದ ಸಾಲಕ್ಕೆ ಇವತ್ತಿಗೂ ಬಡ್ಡಿ ಕಟ್ಟುತ್ತಿರುವ ದೇವರಿಗೆ ಬಾಕಿದಾರರ ಕಷ್ಟ ಗೊತ್ತಿರಬೇಕು. ಒಮ್ಮೆ ತಲೆಗೆ ಏಟು ಬಿದ್ದು ಅವನ ಕೂದಲೂ ಒಂದು ಕಡೆ ಹೋಗಿ, ನೀಲಾದೇವಿ ತನ್ನದನ್ನು ಕತ್ತರಿಸಿ ಕೊಟ್ಟಳೆಂದು ಸ್ಥಳಪುರಾಣವೇ ಹೇಳುತ್ತದೆ. ಜೊತೆಗೆ, ಲೆಕ್ಕ ಬಲ್ಲ ನನಗೆ ಇನ್ನೊಂದು ವಿಷಯ ಸ್ಪಷ್ಟವಾಗಿದೆ. ನೋಟಿಸು ಕೊಡದೆ, ವಾಯಿದೆ ಕೇಳದೆ, ಅಸಲನ್ನು ಅವನೇ ಇಷ್ಟು ವರ್ಷ ಕಂತುಕಂತಾಗಿ ಬಚ್ಚಲುಮನೆಯಲ್ಲಿ ವಸೂಲು ಮಾಡಿಕೊಂಡಿದ್ದಾನೆ. ಈಗ ಕಿವಿಯ ಸುತ್ತ ಉಳಿದಿರುವುದು ಬಡ್ಡಿ ಮಾತ್ರ.

ಮೊಮ್ಮಗನೂ ಬರುತ್ತಾನೆ, ತನ್ನ ಫೇಡನ್ನು ಯಾರೂ ಮುಟ್ಟಕೂಡದು ಎಂಬ ಕರಾರಿನ ಮೇಲೆ. ಒಪ್ಪಿದ್ದೇನೆ. ಅವನು ಹುಟ್ಟಿದ್ದಕ್ಕೋ, ಹಲ್ಲು ಬಂದದ್ದಕ್ಕೋ, ಜ್ವರ ಬಿಟ್ಟದ್ದಕ್ಕೋ ಅವನ ಕೂದಲಿನ ಮೇಲೆ ಯಾವ ದೇವರಿಗೂ ಮಾತು ಕೊಟ್ಟಿಲ್ಲ ತಾನೆ ಎಂದು ಅವನ ಅಜ್ಜಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಇಲ್ಲ ಅಂದಳು. ಸ್ವಲ್ಪ ಯೋಚನೆ ಮಾಡಿಯೇ ಅಂದಳು.